ಬೌಲ್ಡ್ ಪೋರ್ಟರ್

ಮುತ್ತಜ್ಜನ ಸ್ಕೋರು ಪುಸ್ತಕಕ್ಕೆ ಇನ್ನೂ ಗೂಡ್ಸ್ ಆಫೀಸಿನ ವಾಸನೆ,
ಗೋಣಿ, ಅರಗು, ಕೊಬ್ಬರಿ ಮುಟ್ಟಿದ ಬೆರಳು.
ಒಂಬತ್ತು ವರ್ಷ, ಮೂವತ್ತೊಂದು ಆಟ,
ಇಂಗ್ಲಿಷಿನ ದುಂಡಕ್ಷರದಲ್ಲಿ ನೂರ ಎಂಬತ್ತಾರು ಸಲ
ಅದೇ ಹೆಸರು:
ಬೌಲ್ಡ್ ಪೋರ್ಟರ್, ಬೌಲ್ಡ್ ಪೋರ್ಟರ್,
ಕಾಟ್ ಅಂಡ್ ಬೌಲ್ಡ್ ಪೋರ್ಟರ್.

ಯಾವನೋ ದೊರೆ ಎಂದುಕೊಂಡಿದ್ದೆ.
ಕೆಂಪು ಮೀಸೆ, ಬಿಳಿ ಪ್ಯಾಂಟು,
ತೋಟದಿಂದ ಕುದುರೆ ಏರಿ ಬಂದವನು.
ಚಿಕ್ಕಮಗಳೂರಿನ ಕ್ಲಬ್ಬಿನ ಹಲಗೆಯ ಮೇಲೂ ಹಾಗೇ ಇದೆ:
'ನಮ್ಮ ಮೇಲೆ ಏಳು ವಿಕೆಟ್, ಮಿಸ್ಟರ್ ಪೋರ್ಟರ್.'
ಚಿನ್ನದ ಬಣ್ಣ, ಎರಡು ಸಲ ಬಳಿದದ್ದು.

ಮೊನ್ನೆ ಹೊಲಿಗೆ ಬಿಚ್ಚಿತು. ಪುಟದ ಒಳ ಅಂಚಿನಲ್ಲಿ
ಪೆನ್ಸಿಲ್ಲು, ಕನ್ನಡ, ಕದ್ದು ಬರೆದಷ್ಟು ಸಣ್ಣಗೆ:
'ಪೋರ್ಟರ್ ಅಂದರೆ ಹುದ್ದೆ.
ಆಸಾಮಿ ನಮ್ಮ ದಸ್ತಗೀರ.'

ಬಾಣಾವರದಲ್ಲಿ ಮೇಲ್ ಗಾಡಿ ನಿಲ್ಲುತ್ತಿರಲಿಲ್ಲ.
ನಿಲ್ಲದ ಗಾಡಿಗೆ ಟೋಕನ್ ಕೊಡಬೇಕು,
ಬೆತ್ತದ ಬಳೆಗೆ ಕಟ್ಟಿದ ತೊಗಲ ಚೀಲ.
ಎಡಗೈಯಲ್ಲಿ ಒಂದನ್ನು ಎತ್ತಿ ಹಿಡಿ,
ಬಲಗೈಯಲ್ಲಿ ಇನ್ನೊಂದನ್ನು ಕಸಿದುಕೋ,
ನಡುವೆ ಒಂದೇ ಉಸಿರು, ಅದರ ತುಂಬ ಇದ್ದಲ ಪುಡಿ.
ಹದಿನೇಳಕ್ಕೇ ಅವನ ಹೆಗಲು ಕಲಿತಿತ್ತು:
ಬರುವುದು ಯಾವಾಗ ಬರುತ್ತದೆ ಅನ್ನುವುದು
ಕಣ್ಣಿಗಿಂತ ಮೊದಲು ಕೈಗೆ ಗೊತ್ತಿರಬೇಕು.

ಅರಸೀಕೆರೆಯ ರೈಲ್ವೆ ಪಂಗಡದಲ್ಲಿ
ಒಬ್ಬನಿಗೆ ಚಳಿಜ್ವರ.
'ಚೆಂಡು ಹಾಕ್ತೀಯೇನೋ?' ಗಾರ್ಡ್ ಡಿಕ್ರೂಸ್ ಕೇಳಿದ.
'ಎಲ್ಲಿ ಬೀಳಬೇಕು, ಸ್ವಾಮಿ?'

ಬರಿಗಾಲು. ಎಂಟು ಹೆಜ್ಜೆ.
ನೆಲಕ್ಕೆ ಗೂಟ ಹೊಡೆದ ತೆಂಗಿನ ನಾರಿನ ಚಾಪೆ,
ನಮ್ಮೂರ ಸರಕು, ಅವನ ಕಡೆಗೇ ಇತ್ತು.
ಅದನ್ನು ಕಚ್ಚಿ ಎದ್ದ ಚೆಂಡು
ಸಾಲ ವಸೂಲಿಗೆ ಬಂದವನ ಹಾಗೆ
ನೇರ ಬಾಗಿಲಿಗೇ.
ದೊರೆಗಳು ಹಿಂದೆ ತಿರುಗಿ ಸ್ಟಂಪು ನೋಡಿ
ಆಮೇಲೆ ಅಂಪೈರನ್ನು ನೋಡಿ
ಆಮೇಲೆ ಆಕಾಶ ನೋಡುತ್ತಿದ್ದರಂತೆ.

ಏಳು ಬಿದ್ದ ದಿನವೂ ಅವನ ಟೀ ಡೇರೆಯ ಹಿಂದೆ.
ಮುತ್ತಜ್ಜ ಡೇರೆಯ ಇನ್ನೊಂದು ಮಗ್ಗುಲಿಗೆ,
ಮನೆಯಿಂದ ತಂದ ತಂಬಿಗೆಯ ನೀರು ಎತ್ತಿ ಕುಡಿಯುತ್ತ.
ಇಬ್ಬರಿಗೂ ಒಳಗೆ ಜಾಗವಿರಲಿಲ್ಲ;
ಇಬ್ಬರೂ ಒಂದು ಕಡೆ ಕೂತದ್ದೂ ಇಲ್ಲ.
(ಇದನ್ನು ಪೆನ್ಸಿಲ್ಲು ಹೇಳಿಲ್ಲ. ನಾನು ಹೇಳುತ್ತಿದ್ದೇನೆ.)
ಆಟದ ದಿನಕ್ಕೆ ಅರ್ಧ ಸಂಬಳ ಕಡಿತ.

ಇಪ್ಪತ್ತೊಂದನೆಯ ಇಸವಿ, ಆಷಾಢದ ಗಾಳಿ,
ಇಂಜಿನ್ನಿನಲ್ಲಿ ಹೊಸ ಫೈರ್‌ಮನ್.
ಬಳೆ ಎತ್ತರಕ್ಕೆ ಬಂತು, ಮೊಣಕೈ ದಾಟಿತು,
ಹೆಗಲಿಗೆ ಸಿಕ್ಕಿತು.
ಮೇಲ್ ಕಡೂರಿನ ಕಡೆ ಹೋಯಿತು.
ತೋಳೊಳಗಿನ ಏನೋ ಒಂದು
ಅದರ ಜತೆಗೇ ಹೋಯಿತು.

ಮತ್ತೊಂದೇ ಆಟ.
ಮೂರು ಓವರು, ಇಪ್ಪತ್ತೊಂಬತ್ತು ರನ್ನು, ವಿಕೆಟ್ಟಿನ ಮನೆಯಲ್ಲಿ ಸೊನ್ನೆ,
ಬರೆದವನ ನಿಬ್ಬು ಕಾಗದ ಹರಿದಿದೆ.
ಆ ಸಾಲಿನಲ್ಲಿ ಮಾತ್ರ, ಪುಸ್ತಕಕ್ಕೆಲ್ಲ ಒಮ್ಮೆ,
ದುಂಡಕ್ಷರದಲ್ಲಿ ಪೂರ್ತಿ:
ಎಸ್. ದಸ್ತಗೀರ್.
ಅಷ್ಟು ಹೊತ್ತಿಗೆ ಅವನು ಪೋರ್ಟರ್ ಆಗಿರಲಿಲ್ಲ.
ಬೇರೇನು ಬರೆಯುವುದು?

ನಮ್ಮ ಉರ್ದು ಮೇಷ್ಟ್ರನ್ನು ಕೇಳಿದೆ.
ದಸ್ತಗೀರ್ ಎಂದರೆ ಕೈ ಹಿಡಿಯುವವನು, ಎಂದರು.
ಕ್ಲಬ್ಬಿಗೂ ಕಾಗದ ಬರೆದೆ.
ಹಲಗೆಯನ್ನು ಈಚೆಗಷ್ಟೇ ಪಾಲಿಶ್ ಮಾಡಿಸಿದ್ದಾರಂತೆ.

ಅವನನ್ನು ದೀಪದ ಕೆಲಸಕ್ಕೆ ಹಾಕಿದರು.
ಸಂಜೆ ಐದೂವರೆಗೆ ಏಣಿ ಹತ್ತಿ
ಸಿಗ್ನಲ್ಲಿನ ಚಿಮಣಿ ಒರೆಸಿ, ಬತ್ತಿ ಕತ್ತರಿಸಿ,
ಗಾಳಿಗೆ ಬೆನ್ನು ಕೊಟ್ಟು ಕಡ್ಡಿ ಗೀರುವುದು.
ಹತ್ತೊಂಬತ್ತು ವರ್ಷ.

ಕೊನೆಯ ಪುಟದಲ್ಲಿ ಆಟವಿಲ್ಲ, ಲೆಕ್ಕವಿಲ್ಲ.
ಪೆನ್ಸಿಲ್ಲಿನ ಒಂದು ಸಾಲು, ಅರ್ಧ ಮಾಸಿದ್ದು:
'ಈ ದಿನ ಬಾಣಾವರದಲ್ಲಿ ಕಂಡೆ.
ಎಡಗೈಯಲ್ಲಿ ಗೀರುತ್ತಾನೆ.
ಕಡ್ಡಿಪೆಟ್ಟಿಗೆ ಹಿಡಿಯಲು ಬಲಗೈ ಸಾಕಂತೆ.'